ಸ್ವಲ್ಪ ಬೆಳ್ಳಗೆ ಮಾಡ್ಲಾ, ಮೇಡಂ?

ಅಮ್ಮ ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಗೆ ಅವಳದೊಂದು ಫೋಟೋ ಬೇಕಾಯಿತು. ಮನೆಯಲ್ಲಿ ಏಳು ಆಲ್ಬಮ್ ಇದ್ದವು. ನಮ್ಮ ಮೂವರ ನಾಮಕರಣ, ತಮ್ಮನ ಮುಂಜಿ, ನನ್ನ ಮದುವೆ, ಅಪ್ಪನ ಷಷ್ಟ್ಯಬ್ದಿ. ಎಲ್ಲದರಲ್ಲೂ ಅಮ್ಮ ಇದ್ದಳು, ಯಾವುದರಲ್ಲೂ ಇರಲಿಲ್ಲ. ಒಂದರಲ್ಲಿ ದೊಡ್ಡಪ್ಪನ ಹೆಗಲ ಹಿಂದೆ ಅರ್ಧ ಮುಖ. ಇನ್ನೊಂದರಲ್ಲಿ ಆರತಿ ತಟ್ಟೆ ಹಿಡಿದ ಎರಡು ಕೈ ಮಾತ್ರ. ಬಳೆ ನೋಡಿ ಇದು ಅಮ್ಮ ಎಂದು ಗುರುತು ಹಿಡಿದೆವು. ಕ್ಯಾಮೆರಾ ಕಂಡರೆ "ನನ್ನದೇನು ತೆಗೀತೀರೋ, ಮಕ್ಕಳದ್ದು ತೆಗೀರಿ" ಎಂದು ಸೆರಗು ಅಡ್ಡ ಹಿಡಿದು ಅಡುಗೆಮನೆ ಸೇರುತ್ತಿದ್ದವಳು ಅವಳು. ಕೊನೆಗೆ ಚಿಕ್ಕಮ್ಮನ ಮಗಳ ಮದುವೆಯ ಗ್ರೂಪ್ ಫೋಟೋದಲ್ಲಿ, ಎರಡನೆಯ ಸಾಲಿನ ತುದಿಯಲ್ಲಿ, ಪೂರ್ತಿ ಮುಖ ಸಿಕ್ಕಿತು. ಅದನ್ನು ಸ್ಟುಡಿಯೋಕ್ಕೆ ಒಯ್ದೆ. ಕಂಪ್ಯೂಟರಿನ ಮುಂದಿದ್ದ ಹುಡುಗ ಪಕ್ಕದವರ ಮೊಣಕೈ ಅಳಿಸಿದ, ಹಿಂದೆ ನೀಲಿ ಬಣ್ಣ ತುಂಬಿದ, ಆಮೇಲೆ ನನ್ನ ಕಡೆ ತಿರುಗಿ ಬಹಳ ಮೃದುವಾಗಿ ಕೇಳಿದ: "ಮುಖ ಸ್ವಲ್ಪ ಬೆಳ್ಳಗೆ ಮಾಡ್ಲಾ, ಮೇಡಂ? ಗಲ್ಲದ ಕೆಳಗೂ ಸ್ವಲ್ಪ ಇಳಿಸಿಬಿಡ್ತೀನಿ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಎಲ್ಲರನ್ನೂ ಹಾಗೇ ಕೇಳುತ್ತಾನಂತೆ, ಎಲ್ಲರೂ "ಹ್ಞೂ, ಮಾಡಿ" ಎನ್ನುತ್ತಾರಂತೆ. ಸಿಟ್ಟಿರುವುದು ನನ್ನ ಮೇಲೆ. ಬೇಡ ಎನ್ನುವುದಕ್ಕೆ ನನಗೂ ಎರಡು ಸೆಕೆಂಡು ಹಿಡಿಯಿತು. ಎಪ್ಪತ್ತನಾಲ್ಕು ವರ್ಷ ಬಾಳಿ, ಮೂರು ಮಕ್ಕಳನ್ನು ಹೆತ್ತು, ಸತ್ತು ಹೋದ ಹೆಂಗಸಿನ ಗಲ್ಲವನ್ನು ತಿದ್ದಬೇಕೋ ಬೇಡವೋ ಎಂದು ಯೋಚಿಸಿದ ಆ ಎರಡು ಸೆಕೆಂಡು ನನ್ನೊಳಗೆ ಎಲ್ಲಿಂದ ಬಂತು?

ಅದು ಬಂದದ್ದು ನಾವೆಲ್ಲ ಸಂಸ್ಕಾರವೆಂದು ಒಪ್ಪಿಕೊಂಡು ಹಾಯಾಗಿರುವ ಒಂದು ನಂಬಿಕೆಯಿಂದ. ಅದರ ಪ್ರಕಾರ ನಿಮ್ಮ ಮೈಯನ್ನು ನೋಡುವ, ತೂಗುವ, ಅದರ ಬಗ್ಗೆ ತೀರ್ಪು ಕೊಡುವ ಹಕ್ಕು ಊರಿಗೆಲ್ಲ ಇದೆ. ಅದಕ್ಕೆ ಕಾಳಜಿ ಎಂದು ಹೆಸರು. ನಿಮ್ಮ ಮೈಯನ್ನು ನೀವೇ ನೋಡಿಕೊಂಡು, ಪರವಾಗಿಲ್ಲ ಚೆನ್ನಾಗಿದೆ ಅಂದುಕೊಂಡು, ಒಂದು ಚಿತ್ರ ತೆಗೆದುಕೊಂಡರೆ ಮಾತ್ರ ಅದು ಸೊಕ್ಕು. ಈಚೆಗೆ ಸೊಕ್ಕಿಗೆ ಓದಿದವರ ಹೆಸರೊಂದು ಬಂದಿದೆ, ಆತ್ಮರತಿ. ಬೆಳಗಿನ ವಾಕಿಂಗಿನ ಹಿರಿಯರಿಂದ ಹಿಡಿದು ವೇದಿಕೆಯ ಚಿಂತಕರವರೆಗೆ 'ಸೆಲ್ಫಿ ಹುಚ್ಚಿನ ಪೀಳಿಗೆ'ಯನ್ನು ನೆನೆದು ನಿಟ್ಟುಸಿರು ಬಿಡದವರಿಲ್ಲ. ಭಾಷಣ ಮುಗಿಸಿ ಕೆಳಗಿಳಿದು, ಶಾಲು ಹೊದೆಸಿಕೊಂಡ ಫೋಟೋ ಸರಿಯಾಗಿ ಬಂದಿದೆಯೇ ಎಂದು ವಿಚಾರಿಸುವವರೂ ಅವರೇ.

ಕಾಳಜಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು ಒಳಗೆ ಕಾಲಿಟ್ಟ ಹೆಂಗಸಿಗೆ ಮೊದಲು ಸಿಗುವುದೇನು? "ಏನೇ, ಹೀಗೆ ದಪ್ಪ ಆಗಿಬಿಟ್ಟಿದ್ದೀಯ!" ತೂಕ ಇಳಿದಿದ್ದರೆ "ಏನಮ್ಮ, ಹೀಗೆ ಸೊರಗಿದ್ದೀಯ, ಶುಗರಾ?" ಎರಡರ ನಡುವೆ ಸರಿಯಾದ ಅಳತೆ ಎಂಬುದೊಂದು ಇರಬೇಕು, ಆದರೆ ಆ ಅಳತೆಯಲ್ಲಿ ಮದುವೆ ಮನೆಗೆ ಬಂದವರನ್ನು ನಾನಂತೂ ಕಂಡಿಲ್ಲ. ನನ್ನ ಗೆಳತಿಯೊಬ್ಬಳು ಎಂಟು ವರ್ಷ ದುಡಿದು ಪಿಎಚ್.ಡಿ. ಮುಗಿಸಿಕೊಂಡು ಊರಿಗೆ ಹೋದಳು. ಅವಳ ಸೋದರತ್ತೆ ಹೊಸಿಲಿನಲ್ಲೇ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ನೋಡಿ ಅಂದದ್ದು: "ಓದಿ ಓದಿ ಕೂತಲ್ಲೇ ಊದಿಕೊಂಡ್ಯಲ್ಲೇ." ಎಂಟು ವರ್ಷದ ಪ್ರಬಂಧಕ್ಕೆ ಊರು ಕೊಟ್ಟ ವಿಮರ್ಶೆ ಅದೊಂದೇ.

ತಮಾಷೆಯೆಂದರೆ ನಮಗೆ ಮೈಯನ್ನು ಪ್ರೀತಿಸಲು ಬರುವುದೇ ಇಲ್ಲ ಎಂದೇನಲ್ಲ. ಬಾಣಂತಿ ಮನೆಯ ಬಚ್ಚಲಿಗೆ ಬನ್ನಿ. ಅಜ್ಜಿ ಮಣೆಯ ಮೇಲೆ ಕೂತು ಕಾಲು ಚಾಚಿದ್ದಾಳೆ. ಎರಡು ಕಾಲಿನ ನಡುವಿನ ತೊಟ್ಟಿಲಿನಂಥ ಜಾಗದಲ್ಲಿ ಮಗು ಬೋರಲಾಗಿ ಮಲಗಿದೆ. ಎಣ್ಣೆ ಹಚ್ಚಿ ಬೆನ್ನು ನೀವುತ್ತಾಳೆ, ತೊಡೆಯ ಒಂದೊಂದು ಮಡಿಕೆಗೂ ಬೆರಳು ಹಾಕಿ ಕಡಲೆಹಿಟ್ಟು ತಿಕ್ಕುತ್ತಾಳೆ, ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ಹದ ನೋಡಿ ಎರೆಯುತ್ತಾಳೆ. ಮಡಿಕೆ ಹೆಚ್ಚಿದ್ದಷ್ಟೂ ಅವಳಿಗೆ ಹೆಮ್ಮೆ. ನೋಡಲು ಬಂದವರ ಕಣ್ಣು ಬೀಳದಿರಲಿ ಎಂದು ಕೆನ್ನೆಗೊಂದು ಕಪ್ಪು ಬೊಟ್ಟು ಬೇರೆ. ಸರಿ, ನನ್ನದೊಂದೇ ಪ್ರಶ್ನೆ. ಅದೇ ತೊಡೆ, ಅದೇ ಮಡಿಕೆ, ಎಷ್ಟನೆಯ ಹುಟ್ಟುಹಬ್ಬದ ದಿನ ಅಪರಾಧವಾಗುತ್ತದೆ? ಹನ್ನೊಂದೋ ಹನ್ನೆರಡೋ ತುಂಬುತ್ತಿದ್ದಂತೆ ಅದೇ ಅಜ್ಜಿ "ದುಪಟ್ಟಾ ಸರಿ ಮಾಡ್ಕೊ" ಎನ್ನುತ್ತಾಳೆ. ಎರಡನೆಯ ಹೋಳಿಗೆಗೆ ಹುಡುಗಿ ಕೈ ಚಾಚಿದರೆ ತಟ್ಟೆ ಸರಿಯುತ್ತದೆ, ಪಕ್ಕದಲ್ಲಿ ಕೂತ ಅಣ್ಣನ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತದೆ.

ಮನೆ ಬಿಟ್ಟು ಶಾಲೆಗೆ ಹೋದರೂ ಪಾಠ ಅದೇ. ವಾರ್ಷಿಕೋತ್ಸವದ ನಾಟಕದಲ್ಲಿ ಕಪ್ಪಗಿರುವ ಹುಡುಗ ರಾಕ್ಷಸ, ದಪ್ಪಗಿರುವವನು ಭೀಮ, ಬೆಳ್ಳಗಿರುವ ಹುಡುಗಿ ಭಾರತಮಾತೆ. ನಲವತ್ತು ಡಿಗ್ರಿ ಬಿಸಿಲು ಕಾಯುವ ದೇಶದ ತಾಯಿ ಯಾವತ್ತಾದರೂ ಎಣ್ಣೆಗಪ್ಪು ಬಣ್ಣದವಳಾಗಿ ನಿಮ್ಮೂರ ವೇದಿಕೆ ಹತ್ತಿದ್ದು ನೋಡಿದ್ದೀರಾ?

"ಆರೋಗ್ಯಕ್ಕೋಸ್ಕರ ಹೇಳೋದು" ಎಂಬ ಉತ್ತರ ಇಷ್ಟು ಹೊತ್ತಿಗೆ ನಿಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ಒಳ್ಳೆಯದು. ಎತ್ತರ ಮತ್ತು ತೂಕ ಹಿಡಿದು ಲೆಕ್ಕ ಹಾಕುವ ಬಿಎಂಐ ಇದೆಯಲ್ಲ, ಅದರ ಸೂತ್ರ ಹುಟ್ಟಿದ್ದು 1830ರ ದಶಕದಲ್ಲಿ, ಅಡಾಲ್ಫ್ ಕೆಟಲೆ ಎಂಬ ಬೆಲ್ಜಿಯಂನ ಖಗೋಳತಜ್ಞನ ಕೈಯಲ್ಲಿ. ಅವನು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು. ಒಬ್ಬೊಬ್ಬರ ರೋಗ ಹೇಳುವ ಇರಾದೆ ಅವನಿಗಿರಲಿಲ್ಲ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಬಂತು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅದರಲ್ಲಿ ತಮ್ಮದೇ ಫೋಟೋಗಳನ್ನು ಅಕ್ಕಪಕ್ಕ ಹಾಕಿಕೊಂಡಿದ್ದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಮೈಯೊಳಗಿನ ಕೊಬ್ಬು ಯುಡ್ಕಿನ್‌ರಲ್ಲಿ ಶೇ 9.1, ಯಾಜ್ಞಿಕ್‌ರಲ್ಲಿ ಶೇ 21.2. ಹೊರಗೆ ಸಣ್ಣಗೆ ಕಾಣುವ ನಮ್ಮ ಜನರ ಒಳಗೆ ಕೊಬ್ಬು ಅಡಗಿರಬಹುದು ಎಂಬುದನ್ನು ಇಬ್ಬರು ವೈದ್ಯರು ತಮ್ಮ ಮೈಯನ್ನೇ ಮುಂದಿಟ್ಟು ತೋರಿಸಿದರು. ನಾನು ಕಂಡ ಅತ್ಯಂತ ಉಪಯುಕ್ತ ಸೆಲ್ಫಿ ಅದು! ತಕ್ಕಡಿಗೇ ಗೊತ್ತಾಗದ ಸಂಗತಿ ಹೊಸಿಲಲ್ಲಿ ನಿಂತ ಸೋದರತ್ತೆಯ ಕಣ್ಣಳತೆಗೆ ಗೊತ್ತಾಗುವುದು ಹೇಗೆ? ಮೇಲಾಗಿ "ಊದಿಕೊಂಡೆ" ಎಂದ ಅತ್ತೆಯೇ ಪಂಕ್ತಿಯಲ್ಲಿ "ನನ್ನಾಣೆ, ಇನ್ನೊಂದು ಜಹಾಂಗೀರ್" ಎಂದು ಬಡಿಸುತ್ತಾಳೆ. ಇದು ಯಾವ ಪದ್ಧತಿಯ ಚಿಕಿತ್ಸೆ?

ಸಕ್ಕರೆ, ರಕ್ತದೊತ್ತಡ, ಮಂಡಿನೋವು ನಿಜ. ಅವು ವೈದ್ಯರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆಡುವ ಮಾತು. ಬೀದಿಯಲ್ಲಿ ಆಡಿದಾಗ ಅದರಿಂದ ಯಾರ ಸಕ್ಕರೆಯೂ ಇಳಿಯುವುದಿಲ್ಲ. ಇಳಿಯುವುದು ಆ ಮನುಷ್ಯನ ತಲೆ. ತೂಕದ ಮಾತು ಬರುತ್ತದೆಂದು ಹೆದರಿಯೇ ಡಾಕ್ಟರ ಹತ್ತಿರ ಹೋಗುವುದನ್ನು ವರ್ಷಗಟ್ಟಲೆ ಮುಂದೂಡಿದ ಹೆಂಗಸರನ್ನು ನಾನು ಬಲ್ಲೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡಳು. ಇಪ್ಪತ್ತೊಂದು ವರ್ಷ. ಮನೆಯವರಿಗೆ ಹೇಳದೆ ಹೋಗಿದ್ದಳು ಎಂದು ಅಪ್ಪ ಅಮ್ಮ ಅತ್ತರು. ನಾವು ಮಾಡಿದ್ದೇನು? ಎರಡು ದಿನ ಟಿವಿ ನೋಡಿದೆವು, "ಯಾಕೆ ಬೇಕಿತ್ತು ಅವಳಿಗೆ, ಚೆನ್ನಾಗೇ ಇದ್ದಳಲ್ಲ" ಅಂದೆವು. ಚೆನ್ನಾಗಿದ್ದಾಳೆ ಎಂದು ಅವಳು ಬದುಕಿದ್ದಾಗ ಹೇಳಿದವರೆಷ್ಟು ಮಂದಿ?

ದೇಹ ನಶ್ವರ ಎಂಬ ಉಪದೇಶಕ್ಕೂ ನಮ್ಮಲ್ಲಿ ಬರವಿಲ್ಲ. ಕನ್ನಡಿಯ ಮುಂದೆ ಐದು ನಿಮಿಷ ಹೆಚ್ಚು ನಿಂತ ಹುಡುಗಿಗೆ ಅದನ್ನು ತಪ್ಪದೆ ಹೇಳುತ್ತಾರೆ. ಹೇಳಿದವರೇ ಮಗನಿಗೆ ಹೆಣ್ಣು ನೋಡುವಾಗ ಜಾತಕದ ಜೊತೆ ಫುಲ್ ಸೈಜ್ ಫೋಟೋ ಕೇಳುತ್ತಾರೆ; ಮುಖದ್ದು ಸಾಲದು, ನಿಂತದ್ದು ಬೇಕು, ಪಕ್ಕದಿಂದಲೂ ಒಂದಿದ್ದರೆ ಒಳ್ಳೆಯದು. ನಶ್ವರವಾದದ್ದನ್ನು ಇಷ್ಟು ಕೋನಗಳಿಂದ ಪರೀಕ್ಷಿಸುವುದೇಕೋ! 2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾಕ್ಕೆ ಹೆಸರು ಸಿಕ್ಕಿದ್ದು ಕಾಣೆಯಾದವರ ಪ್ರಕಟಣೆಯ ಭಾಷೆಯಿಂದ. ನಮ್ಮ ವಧು-ವರ ಜಾಹೀರಾತಿನ ಭಾಷೆಯೂ ಅಕ್ಷರಶಃ ಅದೇ. ಕಾಣೆಯಾದವರನ್ನು ಹುಡುಕುವುದಕ್ಕಾದರೆ ಬಣ್ಣ ಬೇಕು, ಮೈಕಟ್ಟು ಬೇಕು. ಕಣ್ಣೆದುರು ಕಾಫಿ ಲೋಟ ಹಿಡಿದು ನಿಂತವಳಿಗೂ ಅದೇ ವಿವರವೇ? 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. 'ಬಿಳುಪು' ಹೋಗಿ 'ಹೊಳಪು' ಬಂತು, ಹಚ್ಚಿಕೊಳ್ಳುವ ಕೆನ್ನೆ ಹಾಗೇ ಉಳಿಯಿತು. ಗಂಡಸರೂ ಪಾರಾಗಿಲ್ಲ. ಕೂದಲುದುರಿದ ಕನ್ನಡ ಮೇಷ್ಟರೊಬ್ಬರು ಹೆಣ್ಣು ಹುಡುಕುವ ಪಾಡನ್ನು ರಾಜ್ ಬಿ. ಶೆಟ್ಟಿ 2017ರಲ್ಲಿ 'ಒಂದು ಮೊಟ್ಟೆಯ ಕಥೆ' ಮಾಡಿ ತೋರಿಸಿದಾಗ ಥಿಯೇಟರಿನಲ್ಲಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು, ಕಣ್ಣೊರೆಸಿಕೊಂಡೆವು. ಮಾರನೆಯ ದಿನ ಆಫೀಸಿನಲ್ಲಿ ಪಕ್ಕದ ಕುರ್ಚಿಯವನನ್ನು ಮತ್ತೆ "ಮೊಟ್ಟೆ" ಎಂದೇ ಕರೆದೆವು.

ಇನ್ನು ಸೆಲ್ಫಿ ಹುಚ್ಚು. ಇದಕ್ಕೆ ಬೇಲೂರಿಗೆ ಹೋಗಬೇಕು. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ. ಮಾಡಿನ ಕೆಳಗೆ ಓರೆಯಾಗಿ ನಿಲ್ಲಿಸಿದ ಮದನಿಕೆಯರಲ್ಲಿ ಎಲ್ಲರ ಕತ್ತೂ ಮೇಲೇಳುವುದು ದರ್ಪಣ ಸುಂದರಿಯ ಮುಂದೆ. ರಾಣಿ ಶಾಂತಲೆಯೇ ಇವಳಿಗೆ ಮಾದರಿ ಎಂಬ ಕಥೆಯನ್ನು ಗೈಡ್ ಹೇಳುತ್ತಾನೆ, ಜನ ತಲೆದೂಗುತ್ತಾರೆ. ಕಳೆದ ಸಲ ಹೋದಾಗ ನನ್ನ ಪಕ್ಕದಲ್ಲೊಂದು ಸಂಸಾರ ನಿಂತಿತ್ತು. ಅಪ್ಪ ಆ ತುಂಬು ತೊಡೆ, ಭಾರದ ಒಡವೆ, ಕನ್ನಡಿಯ ಕಡೆ ಬಾಗಿದ ಕತ್ತು ಎಲ್ಲವನ್ನೂ ಮಕ್ಕಳಿಗೆ ಬಣ್ಣಿಸಿ "ನೋಡಿ, ನಮ್ಮ ಪರಂಪರೆ" ಅಂದರು. ಹದಿನಾರರ ಮಗಳು ನಾಲ್ಕು ಹೆಜ್ಜೆ ಆಚೆ ಸರಿದು, ಫೋನಿನ ಮುಂದಿನ ಕ್ಯಾಮೆರಾ ತೆರೆದು, ಕಲ್ಲಿನವಳಂತೆಯೇ ಸೊಂಟ ಬಳುಕಿಸಿ ನಿಂತು ಒಂದು ಫೋಟೋ ತೆಗೆದುಕೊಂಡಳು. ಕಲ್ಲಿನವಳು ಮತ್ತು ತಾನು ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಮಂಡಿ ಊರಿ, ಕೈ ಕೆಳಗೆ ಮಾಡಿ, ಮತ್ತೊಂದು. ಅಪ್ಪ ಗದರಿದರು: "ಸಾಕು ಬಾರೇ, ಯಾವಾಗ ನೋಡಿದ್ರೂ ಮುಖ ನೋಡ್ಕೊಳ್ಳೋದೇ ಆಯ್ತು."

ಒಂಬೈನೂರು ವರ್ಷದಿಂದ ಕನ್ನಡಿ ಕೆಳಗಿಡದವಳು ಪರಂಪರೆ, ಒಂಬತ್ತು ಸೆಕೆಂಡು ನೋಡಿಕೊಂಡವಳು ಕೆಟ್ಟವಳು! ವ್ಯತ್ಯಾಸ ಎಲ್ಲಿದೆ ಎಂದು ವಾಪಸು ಬರುವ ಬಸ್ಸಿನಲ್ಲಿ ಯೋಚಿಸಿದೆ. ಕಲ್ಲಿನವಳನ್ನು ಬೇರೆಯವರು ಕೆತ್ತಿದರು, ಬೇರೆಯವರು ನೋಡಲೆಂದು ಮೇಲೆ ನಿಲ್ಲಿಸಿದರು. ಅವಳು ಕನ್ನಡಿ ನೋಡುತ್ತಲೇ ಇರಬಹುದು, ನಮ್ಮನ್ನು ಏನೂ ಕೇಳುವುದಿಲ್ಲ. ಈ ಹುಡುಗಿ ಶಿಲ್ಪಿಯೂ ತಾನೇ, ಶಿಲ್ಪವೂ ತಾನೇ. ಯಾವ ಕೋನ, ಎಷ್ಟು ಬೆಳಕು, ಯಾವುದನ್ನು ಇಡಬೇಕು, ಯಾವುದನ್ನು ಅಳಿಸಬೇಕು, ಎಲ್ಲ ಅವಳದೇ ತೀರ್ಮಾನ. ನಮ್ಮ ಕೈಯಿಂದ ಜಾರಿದ್ದು ಅದು. ನಮಗೆ ಚುಚ್ಚುವುದೂ ಅದೇ.

ಗಂಡಸರು ತಮ್ಮ ಮುಖ ತಾವು ಬರೆದುಕೊಂಡರೆ ಅದನ್ನು ಕಲೆ ಎಂದು ಮ್ಯೂಸಿಯಮ್ಮಿನಲ್ಲಿ ಇಡುತ್ತೇವೆ. ಡಚ್ ಕಲಾವಿದ ರೆಂಬ್ರಾಂಟ್ ಹದಿನೇಳನೆಯ ಶತಮಾನದಲ್ಲಿ ತನ್ನ ದಪ್ಪ ಮೂಗು, ಜೋಲುವ ಕೆನ್ನೆ ಸಮೇತ ಸುಮಾರು 80 ಬಾರಿ ತನ್ನನ್ನೇ ಚಿತ್ರಿಸಿಕೊಂಡ. ಆತ್ಮರತಿ ಎಂದು ಯಾರಾದರೂ ಅವನನ್ನು ಜರೆದದ್ದು ಕೇಳಿದ್ದೀರಾ? ಹೆಂಗಸರೂ ತಮ್ಮನ್ನು ತಾವು ಬರೆದುಕೊಂಡಿದ್ದಾರೆ. 1934ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಕಲಾವಿದೆ ಅಮೃತಾ ಶೇರ್‌ಗಿಲ್‌ಗೆ ಇಪ್ಪತ್ತೊಂದು ವರ್ಷ. ಗೋಗ್ಯಾಂ ಎಂಬ ಫ್ರೆಂಚ್ ಕಲಾವಿದ ತಾಹಿತಿ ದ್ವೀಪದ ಹೆಣ್ಣುಗಳನ್ನು ಬರೆದು ಹೆಸರಾದವನು. ಅಮೃತಾ ಅದೇ ತಾಹಿತಿಯ ಹೆಣ್ಣಾಗಿ ತನ್ನನ್ನು ಬರೆದುಕೊಂಡಳು. ತೆರೆದ ಕಂದು ಮೈ, ಕಟ್ಟಿದ ಕೈ, ಹಿಂದೆ ಒಬ್ಬ ಗಂಡಸಿನ ನೆರಳು. ಅವನು ನೋಡುತ್ತಿರಬಹುದು, ಅವಳು ಅವನ ಕಡೆ ತಿರುಗಿಲ್ಲ.

ಪ್ಯಾರಿಸ್ಸು ದೂರವಾಯಿತೆಂದರೆ ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಇದ್ದಾರೆ. ಶಿಲ್ಪಿಯಾಗಿ ಶುರು ಮಾಡಿದವರು, 1990ರ ದಶಕದ ನಡುವಿನಿಂದ ಕ್ಯಾಮೆರಾದ ಮುಂದೆ ತಾವೇ ವೇಷ ಕಟ್ಟಿ ನಿಂತರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ರವಿವರ್ಮನ ಕ್ಯಾಲೆಂಡರಿನ ಲಕ್ಷ್ಮಿ ಅವರೇ. ಬ್ರಿಟಿಷರ ಕಾಲದ ಮಾನವಶಾಸ್ತ್ರಿಗಳು ಮೂಲನಿವಾಸಿಗಳನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳತೆ ಹಿಡಿದು ತೆಗೆಯುತ್ತಿದ್ದ ಫೋಟೋ ಇದೆಯಲ್ಲ, ಆ ಪರದೆಯ ಮುಂದೆ ನಿಂತವರೂ ಅವರೇ. ಆ ಚಿತ್ರ ನೋಡಿದಾಗ ನನಗೆ ನೆನಪಾದದ್ದು ವಿಜ್ಞಾನವಲ್ಲ, ನನ್ನ ಹೆಣ್ಣು ನೋಡುವ ಶಾಸ್ತ್ರ. "ಸ್ವಲ್ಪ ನಡೆದು ತೋರ್ಸಮ್ಮ" ಎಂದಿದ್ದರು. ನಮ್ಮ ನಡುಮನೆಯ ನೆಲಕ್ಕೂ ಕಪ್ಪು ಬಿಳಿ ಚೌಕಗಳಿದ್ದವು.

ಇಲ್ಲಿ ಯಾರಾದರೂ ಫಿಲ್ಟರಿನ ಮಾತು ತೆಗೆಯುತ್ತಾರೆ. ಫೋನಿನಲ್ಲಿ ಮೂಗು ಸಣ್ಣ ಮಾಡಿ, ಬಣ್ಣ ತಿಳಿ ಮಾಡಿ ಹಾಕುವವರು ಮೈಯನ್ನು ಒಪ್ಪಿಕೊಂಡವರೇ? ಖಂಡಿತ ಅಲ್ಲ. ಆದರೆ ಆ ಫಿಲ್ಟರನ್ನು ಹುಡುಗಿಗೆ ಕಲಿಸಿದವರು ಯಾರು? ಫಿಲ್ಟರ್ ಎಂದರೆ ಫೋನಿನೊಳಗೆ ಕೂತ ಸೋದರತ್ತೆ. ಹೊಸಿಲಲ್ಲಿ ಅವಳು ಏನೇನು ಅಂದಿದ್ದಳೋ ಅದನ್ನೆಲ್ಲ ಇದು ಮಾತಾಡದೆ ತಿದ್ದಿಕೊಡುತ್ತದೆ. ಬಿಳುಪಿನ ಕ್ರೀಮು ಮಾರಿದ ಬಾಯಲ್ಲೇ ಈಗ "ನೀವಿರುವಂತೆಯೇ ಸುಂದರಿ" ಎಂದು ಸೋಪು ಮಾರುವ ಜಾಹೀರಾತುಗಳನ್ನೂ ನಾನು ನಂಬುವುದಿಲ್ಲ.

ನಾನು ನಂಬುವುದು ನಮ್ಮ ಬೀದಿಯ ನಿವೃತ್ತ ಟೀಚರ್ ಒಬ್ಬರನ್ನು. ಅವರಿಗೆ ತೊನ್ನು. ಮುಟ್ಟಿದರೆ ಅಂಟುವ ರೋಗವಲ್ಲ ಎಂದು ಅವರೇ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದರು, ಮೂವತ್ತು ವರ್ಷವೂ ಬೇಸಿಗೆಯಲ್ಲಿ ಸಹ ಮಣಿಕಟ್ಟಿನವರೆಗೆ ತೋಳಿನ ರವಿಕೆ ಹಾಕಿದರು. ನಿವೃತ್ತಿಯಾದ ತಿಂಗಳು ದರ್ಜಿಯ ಹತ್ತಿರ ಹೋಗಿ ಆರು ಗಿಡ್ಡ ತೋಳಿನ ರವಿಕೆ ಹೊಲಿಸಿಕೊಂಡು ಬಂದರು. ಅಂದಿನಿಂದ ದಿನಾ ಸಂಜೆ ಒಂದು ಫೋಟೋ, ತಮ್ಮದೇ, ತಾವೇ ತೆಗೆದದ್ದು. ಒಂದು ದಿನ ಕಿವಿಯ ಹಿಂದೆ ದಾಸವಾಳ. ಒಂದು ದಿನ ಮಾವಿನ ಓಟೆ ಚೀಪುತ್ತ ಮೊಣಕೈವರೆಗೂ ರಸ. ಒಂದು ದಿನ ಎಣ್ಣೆನೀರು ಹಾಕಿಕೊಂಡು ಸಾಂಬ್ರಾಣಿ ಹೊಗೆಗೆ ಕೂದಲು ಹರವಿ ಕೂತದ್ದು. ಬೀದಿ ಅವರ ಸ್ಟೇಟಸ್ ನೋಡದೆ ಮಲಗುವುದಿಲ್ಲ, ನೋಡಿ ನಗದೆಯೂ ಮಲಗುವುದಿಲ್ಲ. "ಈ ವಯಸ್ಸಿಗೆ ಇವರಿಗೇನು ಬಂತು, ಮುಚ್ಕೊಂಡು ಇರಬಾರದಾ?" ಒಮ್ಮೆ ಅವರನ್ನೇ ಕೇಳಿದೆ, ಹೇಗೆ ತೆಗೀತೀರಿ ಎಂದು. ಕಲಾವಿದೆಯ ಗತ್ತಿನಲ್ಲಿ ಅಂದರು: "ಐದೂಕಾಲಿಗೆ ಬಾವಿಕಟ್ಟೆ ಹತ್ರ ಬೆಳಕು ಚೆನ್ನಾಗಿ ಬರುತ್ತೆ ಕಣ್ರೀ. ಬಿಳಿ ಇರೋ ಕಡೆ ಬೆಳಕು ಜಾಸ್ತಿ ಹಿಡಿಯುತ್ತೆ, ಅದಕ್ಕೇ ಮುಖ ಚೂರು ಓರೆ ಮಾಡ್ತೀನಿ. ಮುಚ್ಚೋಕಲ್ಲ, ಫೋಟೋ ಸುಟ್ಟ ಹಾಗೆ ಬರಬಾರದು ಅಂತ."

ಇದು ಆತ್ಮರತಿಯಾದರೆ ನಮಗೆಲ್ಲ ಆ ರೋಗ ಬೇಗ ಬರಲಿ.

ಅದಕ್ಕೆ ಮೊದಲು ನಾವು ಬಾಯಿ ಮುಚ್ಚಬೇಕು. ಎದುರಿಗಿರುವವರ ತೂಕ, ಬಣ್ಣ, ನರೆ ಕಣ್ಣಿಗೆ ಬಿದ್ದರೆ ಬೀಳಲಿ, ನಾಲಿಗೆಗೆ ಬರಬಾರದು. ಮಾತಿಗೇನು ಬರವೇ? ಮಳೆ ಇದೆ, ಅಡಿಕೆ ರೇಟು ಇದೆ, ಎಂಟು ವರ್ಷದ ಪಿಎಚ್.ಡಿ. ಇದೆ. ಹೊಸಿಲಲ್ಲಿ ಯಾರಾದರೂ "ಊದಿಕೊಂಡೆ" ಅಂದರೆ ಹಲ್ಲು ಕಿರಿದು ಒಳಗೆ ಹೋಗುವುದನ್ನೂ ಬಿಡಬೇಕು. "ಅತ್ತೆ, ಈ ಮಾತು ಇದೇ ಕೊನೆ" ಎಂದು ಅಲ್ಲೇ ಹೇಳಬೇಕು. ಮೇಷ್ಟ್ರುಗಳು ಈ ವರ್ಷ ಕಪ್ಪು ಹುಡುಗಿಯನ್ನು ಭಾರತಮಾತೆ ಮಾಡಲಿ. ಎರಡನೆಯ ಹೋಳಿಗೆ ಹುಡುಗಿಯ ತಟ್ಟೆಗೂ ಬೀಳಲಿ, ತುಪ್ಪದ ಸಮೇತ. ಫುಲ್ ಸೈಜ್ ಫೋಟೋ ಕೇಳುವ ಮನೆಗೆ, ಮೊದಲು ನಿಮ್ಮ ಮಗನ ನೆತ್ತಿಯ ಫೋಟೋ ಕಳಿಸಿ ಎಂದು ಬರೆಯಬೇಕೆನಿಸುತ್ತದೆ. ಬರೆಯಬಾರದು, ಅದೂ ಅದೇ ಚಾಳಿ. ಆ ಸಂಬಂಧವನ್ನೇ ಕೈಬಿಟ್ಟರೆ ಸಾಕು.

ನಿಮ್ಮ ಅಮ್ಮ ಬದುಕಿದ್ದರೆ ಈ ಭಾನುವಾರವೇ ಫೋನನ್ನು ಅವಳ ಕೈಗೆ ಕೊಡಿ. ಮುಖ ಬೆಳ್ಳಗೆ ಮಾಡುವ ಬ್ಯೂಟಿ ಮೋಡ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಮುಂದಿನ ಕ್ಯಾಮೆರಾ ಯಾವುದು, ಒತ್ತಬೇಕಾದ್ದು ಎಲ್ಲಿ, ಅಷ್ಟು ತೋರಿಸಿ. "ಸೆರಗು ಸರಿ ಮಾಡ್ಕೊ", "ನಗು", "ಗಲ್ಲ ಎತ್ತು" ಯಾವುದನ್ನೂ ಹೇಳಬೇಡಿ. ನೀವು ತೆಗೆಯುವುದೂ ಬೇಡ. ಹತ್ತು ತೆಗೆದು ಒಂಬತ್ತು ಅಳಿಸಿದರೆ ಅಳಿಸಲಿ. ಎದ್ದು ಆಚೆ ಬನ್ನಿ, ಬಾಗಿಲು ಎಳೆದುಕೊಳ್ಳಿ, ಒಳಗೆ ಎಷ್ಟು ಹೊತ್ತಾದರೂ ಆಗಲಿ.